ನೆರೀನಾಳ ತಾಮ್ರದ ಬಾಣಲೆ

ಡಿಸೆಂಬರ್ ಹದಿನೆಂಟರ ಬೆಳಿಗ್ಗೆ ಇಟಲಿಯ ತ್ರಿಯೆಸ್ತೆಯ ಬಂದರು ಪೊಲೀಸ್ ಠಾಣೆಗೆ ನೆರೀನಾ ಜೆರಿಯಾಲ್ ಬಂದಾಗ ಬೋರಾ ಎಂಬ ಬಿರುಸಿನ ಚಳಿಗಾಳಿಗೆ ಅವಳ ತಲೆವಸ್ತ್ರ ಕುತ್ತಿಗೆಗೆ ಸುತ್ತಿಕೊಂಡಿತ್ತು. ಎಪ್ಪತ್ತು ದಾಟಿದ ಈಕೆ ಕಡಲದಂಡೆಯ ಕ್ರಿಸ್‌ಮಸ್ ಸಂತೆಯಲ್ಲಿ ಪ್ರತಿ ಚಳಿಗಾಲ ಫ್ರಿತೊಲೆ ಕರಿದು ಮಾರುವವಳು. ಇನ್‌ಸ್ಪೆಕ್ಟರ್ ಮರೀನಾ ದೆಕ್ಲಿಚ್ ಚಿಕ್ಕಂದಿನಲ್ಲಿ ಒಣದ್ರಾಕ್ಷಿಯ ಆ ಬಿಸಿ ಉಂಡೆಗಳಿಗೆ ನಾಲಿಗೆ ಸುಟ್ಟುಕೊಂಡವಳೇ.

“ಬಾಣಲೆ ಹೋಯ್ತು ಕಣಮ್ಮ. ನಮ್ಮತ್ತೆ ಕಾಲದ್ದು.”

“ಇನ್ನೇನು ಹೋಗಿದೆ?”

“ಏನೂ ಇಲ್ಲ. ಗಲ್ಲಾಪೆಟ್ಟಿಗೆ ಹಾಗೇ ಇದೆ. ಎಂಥ ದಡ್ಡ ಕಳ್ಳನೋ.”

ಮರೀನಾ ದೂರು ದಾಖಲಿಸಿಕೊಂಡು, ಅವಳನ್ನೂ ಪೇದೆ ಲೀವಿಯೊನನ್ನೂ ಕರೆದುಕೊಂಡು ಸಂತೆಗೆ ಹೋದಳು. ಅಂಗಡಿಯ ಬೀಗ ಒಡೆದಿರಲಿಲ್ಲ. ಚಿಲಕದ ಮೇಲೆ ಇದ್ದಿಲ ಮಸಿಯ ಬೆರಳಚ್ಚು ಮೂಡಿತ್ತು. ಲೀವಿಯೊ ಅದನ್ನು ಪಂಚನಾಮೆಯಲ್ಲಿ ಬರೆದ.

“ಬಾಣಲೆ ಯಾರಿಗೆ ಬೇಕಿತ್ತು?” ಮರೀನಾ ನೆರೀನಾಳನ್ನು ಕೇಳಿದಳು.

“ಬೊಲೋನ್ಯಾದವನೊಬ್ಬ ಅಂಗಡಿ ಕೊಳ್ಳೋನಿದ್ದ. ಬಾಣಲೆ ಇದ್ರೆ ಮಾತ್ರ ತಗೋತೀನಿ ಅಂದಿದ್ದ. ಭಾನುವಾರ ಬರ್ತಾನೆ. ಆಮೇಲೆ ನಾನು ಟೂರಿನ್‌ಗೆ, ತಂಗಿ ಮನೆಗೆ.”

“ಇನ್ನೊಂದು ಕೀಲಿ ಇದೆಯಾ?”

“ಇಲ್ಲ. ಇತ್ತು. ನ್ಯುಮೋನಿಯಾ ಬಂದು ಮಲಗಿದ್ದಾಗ ಅಂಗಡಿ ನೋಡ್ಕೋ ಅಂತ...” ನೆರೀನಾ ಎದುರುಸಾಲಿನತ್ತ ನೋಡಿ ಮಾತು ನಿಲ್ಲಿಸಿದಳು.

ಅಲ್ಲಿ ಎಜಿದಿಯೊ ಬ್ರೆಸ್ಸಾನ್ ಮಾರಲೆಂದು ಇದ್ದಿಲ ಒಲೆಯ ಮೇಲೆ ಚೆಸ್ಟ್‌ನಟ್ ಕಾಯಿ ಸುಡುತ್ತಿದ್ದ. ಒಂಟಿ ಮುದುಕ. ಅವನ ಒಲೆಯ ಹೊಗೆ ತನ್ನ ಫ್ರಿತೊಲೆಯ ಸಕ್ಕರೆಗೆ ಬಡಿಯುತ್ತದೆಂದು ನೆರೀನಾ ದಿನವೂ ಬೈಯುವುದು, ಅವನು ತಿರುಗಿ ರೇಗಿಸುವುದು ಸಂತೆಗೆಲ್ಲ ಗೊತ್ತಿತ್ತು.

“ನೆರೀನಾ ಅಮ್ಮನ ಕೀಲಿ ನಿಮ್ಮ ಹತ್ತಿರ ಇದೆಯಾ?” ಮರೀನಾ ಕೇಳಿದಳು.

“ಕಾಯಿ ಸೀದುಹೋಗುತ್ತೆ, ಆಮೇಲೆ ಕೇಳಿ.”

“ಆಗಲೇ ಸೀದಿದೆ ತಾತ,” ಎಂದ ಲೀವಿಯೊ.

ಎಜಿದಿಯೊ ಕಾಯಿ ಸುಡುವ ಹಂಚನ್ನು ಒಲೆಯಿಂದ ಇಳಿಸಿ, ಕೈ ಒರೆಸಿಕೊಂಡು, ಜೇಬಿನಿಂದ ಕೀಲಿ ತೆಗೆದುಕೊಟ್ಟ. ಹಡಗುಕಟ್ಟೆಯ ಹಿಂದಿದ್ದ ತನ್ನ ಸರಕುಮನೆಗೆ ತಾನೇ ದಾರಿ ತೋರಿಸಿದ. ಗೋಣಿಗಳ ನಡುವೆ ಉಣ್ಣೆಯ ಹೊದಿಕೆಯೊಳಗೆ ಬಾಣಲೆ ಇತ್ತು. ಉಪ್ಪು, ವಿನೆಗರ್ ಹಾಕಿ ತಿಕ್ಕಿ ತಿಕ್ಕಿ ಅದನ್ನು ಹೊಸ ತಾಮ್ರದಂತೆ ಹೊಳೆಸಿದ್ದ.

ಗುರುತು ಹಿಡಿಯಲು ಬಂದ ನೆರೀನಾ ಅದನ್ನು ತಿರುಗಿಸಿ ನೋಡಿದಳು. “ಎಷ್ಟು ವರ್ಷದ ಮಸಿ, ಎಲ್ಲ ತೊಳೆದುಬಿಟ್ಟಿದೀಯಲ್ಲೋ ಕತ್ತೆ.”

“ನೀನು ತೊಳೆದಿದ್ಯಾವಾಗ?” ಎಂದ ಎಜಿದಿಯೊ.

ಬಾಣಲೆಯನ್ನು ಜಪ್ತಿ ಮಾಡಿ, ಅವನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಹೇಳಿಕೆ ಪಡೆಯುವಾಗ ಮರೀನಾ ಬಾಗಿಲು ಮುಚ್ಚಲಿಲ್ಲ. ನೆರೀನಾ ಹೊರಗಿನ ಬೆಂಚಿನ ಮೇಲೇ ಕೂತಿದ್ದಳು.

“ಯಾಕೆ ತಗೊಂಡ್ರಿ?”

“ಬಾಣಲೆ ಇಲ್ದಿದ್ರೆ ಆ ಬೊಲೋನ್ಯಾದವನು ಅಂಗಡಿ ಕೊಳ್ಳಲ್ಲ. ಕೊಳ್ದಿದ್ರೆ ಇವಳು ಹೋಗಲ್ಲ.”

“ಹೋಗ್ಬೇಡ ಅಂತ ಕೇಳಬಹುದಿತ್ತಲ್ಲ?”

ಎಜಿದಿಯೊ ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟ. “ಜಗಳ ಆಡೋದು ಬಿಟ್ರೆ ಅವಳ ಹತ್ರ ಮಾತಾಡಿ ನಂಗೆ ಅಭ್ಯಾಸ ಇಲ್ಲ.”

ಮರೀನಾ ಹೊರಬಂದಾಗ ನೆರೀನಾ ಎದ್ದು ನಿಂತಿದ್ದಳು. “ಯಾವಾಗ ಬಿಡ್ತೀರಾ?”

“ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸ್ತೀವಿ. ನೀವು ದೂರು ವಾಪಸ್ ತಗೊಳ್ಳೋದಾದ್ರೆ ಬೆಳಿಗ್ಗೆ ಬನ್ನಿ.”

“ಬರ್ತೀನಿ. ಒಂದು ರಾತ್ರಿ ಇರ್ಲಿ, ಬುದ್ಧಿ ಬರ್ಲಿ. ಅವನಿಗೆ ಬೆನ್ನುನೋವು, ದಪ್ಪ ಕಂಬಳಿ ಕೊಡಿ.”

ಸಂಜೆ ಗಸ್ತಿಗೆ ಹೋದ ಲೀವಿಯೊ ಕಂಡದ್ದನ್ನು ಠಾಣೆಗೆ ಬಂದು ವರದಿ ಮಾಡಿದ. ಫ್ರಿತೊಲೆ ಅಂಗಡಿ ಮುಚ್ಚಿತ್ತು. ಎದುರಿನ ಎಜಿದಿಯೊನ ಒಲೆಯ ಮುಂದೆ ನೆರೀನಾ ನಿಂತು, ಹೊಗೆಗೆ ಕೆಮ್ಮುತ್ತ, ಅರ್ಧ ಸೀದ ಚೆಸ್ಟ್‌ನಟ್‌ಗಳನ್ನು ಪೊಟ್ಟಣ ಕಟ್ಟುತ್ತಿದ್ದಳು. ಫೋನು ಕಿವಿ ಮತ್ತು ಭುಜದ ನಡುವೆ ಇತ್ತು.

“ಇಲ್ಲ ಕಣೇ,” ಎನ್ನುತ್ತಿದ್ದಳು ಟೂರಿನ್‌ನ ತಂಗಿಗೆ, “ನಾನು ಬರೋದಿಲ್ಲ. ಇಲ್ಲಿ ಕೆಲಸ ಇದೆ.”