ಕತ್ತಲಲ್ಲಿ ಉರಿದ ಫಲಕ

ಹೃದ್ರೋಗದ ವಾರ್ಡಿಗೆಂದರೆ ಕೈಬಿಚ್ಚಿ ಕೊಡುವ ನೀವು, ಮನೋರೋಗದ ಸಂಶೋಧನೆಗೆಂದು ಕೇಳಿದಾಗ ಮುಖ ತಿರುಗಿಸಿದ್ದೇಕೆ? ಉತ್ತರಿಸುವ ಮುನ್ನ ಈ ಅಪರಾಧದ ಕಥೆಯನ್ನು ಕೇಳಿ.

ಬೆಳಿಗ್ಗೆ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲು ತೆರೆದ ಸಂಶೋಧಕಿಯ ಕಾಲಡಿ ನೀರು ಹರಿಯುತ್ತಿತ್ತು. ಫ್ರೀಜರ್ ಸ್ತಬ್ಧ! ಮನೋರೋಗಿಗಳು ವರ್ಷಗಟ್ಟಲೆ ನಂಬಿ ಕೊಟ್ಟ ರಕ್ತದ ಮಾದರಿಗಳೆಲ್ಲ ಕರಗಿ ಹಾಳಾಗಿದ್ದವು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಆ ನಳಿಕೆಗಳನ್ನು ನೋಡುತ್ತ ನಿಂತಳು. ಅವುಗಳಲ್ಲೊಂದು ತೀರಿಕೊಂಡ ತನ್ನ ತಮ್ಮನದು. ಯಾವುದು? ಮೇಲೆ ಬರೀ ಸಂಕೇತಗಳು. "ನನಗೆ ಹತ್ತದ ಮದ್ದು ಮುಂದಿನವನಿಗಾದ್ರೂ ಹತ್ಲಿ ಅಕ್ಕ" ಎಂದು ತೋಳು ಚಾಚಿದ್ದ ಹುಡುಗ.

"ಇನ್ಯಾರು ಮೇಡಂ, ಈ ಕಾವಲುಗಾರನೇ!" ಆಸ್ಪತ್ರೆಯ ವ್ಯವಸ್ಥಾಪಕ ಬೆರಳು ತೋರಿಸಿದ. "ಮೊಬೈಲ್ ಚಾರ್ಜಿಗೆ ಪ್ಲಗ್ ಕಿತ್ತಿದ್ದಾನೆ. ಇವತ್ತೇ ಮನೆಗೆ ಕಳಿಸ್ತೀನಿ."

"ನನ್ನ ಮೊಬೈಲ್ ಕೆಟ್ಟು ತಿಂಗಳಾಯ್ತು ಸಾರ್," ಎಂದ ಕಾವಲುಗಾರ. "ಅದಕ್ಕೀಗ ಚಾರ್ಜರ್ ಅಲ್ಲ, ಹೂಳೋಕೆ ಗುಂಡಿ ಬೇಕು."

ಇನ್ಸ್‌ಪೆಕ್ಟರ್ ಸಂಶೋಧಕಿಯತ್ತ ತಿರುಗಿದಳು. "ನಿನ್ನೆ ಮಧ್ಯಾಹ್ನದಿಂದ ಕರೆಂಟ್ ಇರ್ಲಿಲ್ಲ, ಅಲ್ವಾ?"

"ಹೌದು. ಆದ್ರೆ ಫ್ರೀಜರ್ ನಿಲ್ಲೋ ಹಾಗಿಲ್ಲ. ಅದರ ವೈರು ಗೋಡೆ ತೂತಿನಿಂದ ಹೊರಗೆ ಹೋಗಿ ಜನರೇಟರಿನ ಸಾಕೆಟ್ಟಿಗೆ ಸೇರತ್ತೆ. ಈ ಮಹಡಿಗೆ ಇರೋದೇ ಅದೊಂದು."

ಎಲ್ಲರೂ ಹೊರಬಂದರು. ಆ ಸಾಕೆಟ್ಟಿದ್ದ ಹೊರಗೋಡೆಯ ಮೇಲೆ ಈಗ ಹೃದಯ ವಿಭಾಗದ ದಾನಿಗಳ ಹೊಸ ಫಲಕ ಹೊಳೆಯುತ್ತಿತ್ತು.

"ಸಂಜೆ ಇಲ್ಲಿಗೆ ಯಾರು ಬಂದಿದ್ರು?" ಇನ್ಸ್‌ಪೆಕ್ಟರ್ ಕಾವಲುಗಾರನನ್ನು ಕೇಳಿದಳು.

"ಯಾರೂ ಇಲ್ಲ ಮೇಡಂ. ಎದುರಿಗೇ ಕೂತು ಪೇಪರ್ ಓದ್ತಿದ್ದೆ."

"ಕತ್ತಲಲ್ಲಿ?"

"ಕತ್ತಲೆಲ್ಲಿ? ಈ ಬೋರ್ಡು ಝಗಝಗ ಉರೀತಿತ್ತಲ್ಲ!"

ಆಕೆ ತಟ್ಟನೆ ಫಲಕವನ್ನು ಓರೆ ಮಾಡಿದಳು. ಹಿಂದೆ ಎರಡು ಸಾಕೆಟ್‌ಗಳು—ಜನರೇಟರಿನದರಲ್ಲಿ ಫಲಕದ ಪ್ಲಗ್, ಮಾಮೂಲಿ ಕರೆಂಟಿನದರಲ್ಲಿ ಫ್ರೀಜರಿನದು.

"ಊರೆಲ್ಲ ಕತ್ತಲಾದಾಗ ಈ ಹೆಸರುಗಳು ಮಾತ್ರ ಹೇಗೆ ಬೆಳಗಿದವು ಅಂತ ಯಾರೂ ಕೇಳ್ಲಿಲ್ಲ. ವ್ಯವಸ್ಥಾಪಕರೇ, ಫಲಕ ಹಾಕಿಸಿದವರು ನೀವು. ಪ್ಲಗ್ ಬದಲಿಸಿದವರೂ ನೀವೇ—ಅಲ್ವಾ?"

ವ್ಯವಸ್ಥಾಪಕ ಬೆವರು ಒರೆಸಿಕೊಂಡ. "ದಾನಿಗಳು ಬಂದಾಗ ಅವರ ಹೆಸರೇ ಆರಿಹೋದ್ರೆ? ಎರಡೇ ದಿನ ಅಂದ್ಕೊಂಡೆ..."

"ಇನ್ನೊಂದು ಸಾಕೆಟ್ ಹಾಕಿಸ್ಬಾರದಿತ್ತಾ?"

"ಇವರ ವಿಭಾಗಕ್ಕೆ ಯಾರು ಕೊಡ್ತಾರೆ ಮೇಡಂ? ಆ ಬಾಗಿಲ ಮೇಲೆ ಹೆಸರು ಹಾಕಿದ್ರೆ, ಮನೇಲಿ ಯಾರಿಗೋ ತಲೆ ಕೆಟ್ಟಿದೆ ಅಂದ್ಕೋತಾರಂತೆ. ಹೋಗ್ಲಿ, ರಕ್ತ ಮತ್ತೆ ತಗೊಂಡ್ರಾಯ್ತಲ್ಲ?"

"ನನ್ನ ತಮ್ಮನ ಹತ್ರ ಹೋಗಿ ಕೇಳಿ," ಎಂದಳು ಆಕೆ.

ಕಾವಲುಗಾರನ ಕೆಲಸ ಉಳಿಯಿತು, ಅಷ್ಟೇ. ತಪ್ಪಿತಸ್ಥನನ್ನು ಹಿಡಿದ ಆ ಕೈಗಳಿಗೆ ಒಂದು ಹನಿಯನ್ನೂ ಮರಳಿ ಹೆಪ್ಪುಗಟ್ಟಿಸಲಾಗಲಿಲ್ಲ. ಒಳಗೆ ಸಂಶೋಧಕಿ ಒಂದೊಂದೇ ನಳಿಕೆಯನ್ನು ಖಾಲಿ ಮಾಡುತ್ತಿದ್ದಳು.

ಆ ಪ್ರಯೋಗಾಲಯಕ್ಕೆ ಇಂದಿಗೂ ತನ್ನದೆಂಬ ಒಂದು ಸಾಕೆಟ್ ಇಲ್ಲ. ಓದುಗರೇ, ನಾಚಿಕೆ ಬಿಟ್ಟು ಕೊಡಿ. ಹೆಸರು ಬೆಳಗದಿದ್ದರೂ ಕೊಡಿ.