ನೆಬ್ರೆಯ ಎರಡು ಜಾಡಿಗಳು

ರಾಜನ ಹದಿನಾರನೇ ವರ್ಷ, ಪ್ರವಾಹದ ಎರಡನೇ ತಿಂಗಳು, ಹನ್ನೆರಡನೇ ದಿನ. ಬೆಳಿಗ್ಗೆ ಬಿಸಿಲೇರುವ ಮೊದಲೇ ಥೀಬ್ಸ್‌ನ ಪಶ್ಚಿಮ ದಂಡೆಯ ಠಾಣೆಗೆ ದೂರು ಬಂತು. ಕೊಟ್ಟವಳು ಹುನ್ರೋ, ಶಿಲ್ಪಿ ನೆಬ್ರೆಯ ವಿಧವೆ. ಶವಸಂಸ್ಕಾರದ ಎಪ್ಪತ್ತು ದಿನ ನಾಳೆಗೆ ಮುಗಿಯುತ್ತಿತ್ತು. ಗಂಡನ ಒಳಾಂಗಗಳಿದ್ದ ನಾಲ್ಕು ಜಾಡಿಗಳಲ್ಲಿ ಎರಡು ಸಂಸ್ಕಾರಶಾಲೆಯಿಂದ ಮಾಯವಾಗಿದ್ದವು.

"ನಾಳೆ ಹೂಳಬೇಕು ಸ್ವಾಮಿ. ಹೊಟ್ಟೆಯೇ ಇಲ್ಲದೆ ಹೋದ್ರೆ ಅಲ್ಲಿ ಏನು ಉಣ್ತಾರೆ?"

"ಕೂತ್ಕೋ ತಾಯಿ. ಯಾವ್ಯಾವ್ದು ಹೋಗಿದೆ?" ಎಂದ ಅಧಿಕಾರಿ ಬಾಕೆನ್.

"ಮನುಷ್ಯನ ತಲೆಯ ಮುಚ್ಚಳದ್ದು, ನರಿ ತಲೆಯದು."

ಅಂದರೆ ಯಕೃತ್ತು, ಹೊಟ್ಟೆ. ಶ್ವಾಸಕೋಶದ ಕೋತಿ, ಕರುಳಿನ ಗಿಡುಗ ಅಲ್ಲೇ ಇದ್ದವು. ಬಾಕೆನ್ ಇಬ್ಬರು ಸಾಕ್ಷಿಗಳೆದುರು ಪಂಚನಾಮೆ ಬರೆಸಿದ. ಪೇದೆ ಸೆನ್ಬಿಗೆ ಶಾಲೆಯಲ್ಲಿ ಹೆಣಕ್ಕೆ ಹಾಕುವ ಉಪ್ಪಿನ ವಾಸನೆಗೇ ತಲೆ ಸುತ್ತುತ್ತಿತ್ತು, ಪಾಪ. ಆದರೂ ಹಿಂಬಾಗಿಲು ನೋಡಿದ್ದು ಅವನೇ.

"ಮುದ್ರೆ ಒಡೆದಿಲ್ಲ ಸ್ವಾಮಿ. ಮಣ್ಣು ಇನ್ನೂ ಹಸಿ ಇದೆ."

"ಯಾರ ಮುದ್ರೆ?"

"ಶಾಲೆಯ ಹಿರಿಯ ಸಂಸ್ಕಾರಕ ಇಪುಯ್‌ದು."

"ನಾಲ್ಕರಲ್ಲಿ ಎರಡೇ ಒಯ್ಯೋ ಕಳ್ಳ ಎಲ್ಲಾದ್ರೂ ಇದ್ದಾನೇನಯ್ಯಾ? ನಡಿ."

ಮಧ್ಯಾಹ್ನ ಇಪುಯ್‌ನ ಮನೆಗೆ ಹೋದರು. ಮುದುಕ ಎರಡೂ ಜಾಡಿ ಎದುರಿಗಿಟ್ಟುಕೊಂಡು ಮಂತ್ರ ಹೇಳುತ್ತಿದ್ದ.

"ಯಾಕಜ್ಜ ಇವನ್ನ ಮನೆಗೆ ತಂದೆ?" ಎಂದ ಬಾಕೆನ್.

"ಅದಲು ಬದಲು ಮಾಡಿದ್ದೆ ಸ್ವಾಮಿ. ಯಕೃತ್ತನ್ನ ನರಿಗೆ ಹಾಕಿದ್ದೆ. ಕಣ್ಣು ಕಾಣಲ್ಲ, ಕೈಯಲ್ಲೇ ಗುರುತಿಸ್ತೀನಿ. ಅವತ್ತು ಕೈಯೂ ಮೋಸ ಮಾಡ್ತು."

"ಶಾಲೆಯಲ್ಲೇ ಸರಿ ಮಾಡಬಹುದಿತ್ತಲ್ಲ?"

"ಯಾರಾದ್ರೂ ನೋಡಿದ್ರೆ?"

"ಸರಿ ಆಯ್ತಾ?"

"ಒಳಗಿನ ಬಟ್ಟೆ ಗಂಟುಗಳನ್ನ ಬದಲಾಯಿಸ್ದೆ. ಒಂದು ಮಂತ್ರ ಬಾಕಿ."

ಬಾಕೆನ್ ಹೊಸಿಲ ಮೇಲೆ ಕೂತು ಮಂತ್ರ ಮುಗಿಯುವ ತನಕ ಕಾದ. ಆಮೇಲೆ ಕಳವಿನ ಆರೋಪದ ಮೇಲೆ ಬಂಧಿಸಿದ. ಮುಚ್ಚಳಗಳಿಗೆ ಹೊಸ ಮಣ್ಣು ಮೆತ್ತಿ ಮುದ್ರೆ ಒತ್ತಿಸಿ, ಜಾಡಿಗಳನ್ನು ಸಂಜೆಯೊಳಗೆ ಠಾಣೆಯಲ್ಲಿ ಹುನ್ರೋಗೆ ಒಪ್ಪಿಸಿದ. ಅವಳು ಅವನ್ನು ತಬ್ಬಿಕೊಂಡು ಬಹಳ ಹೊತ್ತು ಅತ್ತಳು. ಎಷ್ಟೋ ದಿನಗಳ ನಂತರ ಎದೆ ಹಗುರಾಗಿತ್ತು.

ಮುದುಕನ ಹೇಳಿಕೆಯ ಕೊನೆಯಲ್ಲಿ ಅವನು ಹೆದರಿದ ಕಾರಣವನ್ನೂ ಬಾಕೆನ್ ಬರೆಸಿದ: ತಪ್ಪು ಗೊತ್ತಾಗಿ ಶಾಲೆಯಿಂದ ಹೊರದೂಡಿದರೆ ಇಪುಯ್ ಸತ್ತಾಗ ಸಂಸ್ಕಾರ ಮಾಡುವವರಿಲ್ಲ. ಮಕ್ಕಳಿಲ್ಲ. ಮೂವತ್ತು ವರ್ಷ ಊರಿನವರನ್ನೆಲ್ಲ ಪರಲೋಕಕ್ಕೆ ಸಿದ್ಧ ಮಾಡಿದವನನ್ನು ಬರೀ ಮರಳಲ್ಲಿ ಹೂಳುತ್ತಾರೆ, ಒಂದು ಜಾಡಿಯೂ ಇಲ್ಲದೆ.

ಹುನ್ರೋ ಅದನ್ನು ಓದಿಸಿಕೊಂಡು ಕೇಳಿದಳು. ಮುದುಕನ ಕಡೆ ತಿರುಗಿದಳು.

"ನನ್ನ ದೂರು ವಾಪಸ್ ತಗೋತೀನಿ. ನಾಳೆ ಊಟಕ್ಕೆ ಬಾ ಅಜ್ಜ. ನನ್ನ ಸರದಿಗೂ ನೀನೇ ಬರಬೇಕು. ಆದ್ರೆ ಕಣ್ಣು ಕಾಣೋರನ್ನ ಜೊತೆಗೆ ಕರ್ಕೊಂಡು ಬಾ."