ಗೇರುಗುಡ್ಡೆಯಲ್ಲಿ ಚಾಚಿದ ಕೈ

"ಹ್ವಾಯ್, ಒಂಚೂರ್ ಕೈ ಕೊಡಿ... ಜಾರ್ತಿತ್ತ್!"

ಪೂಜಿತಾ ಕೈ ಚಾಚಿದಳು. ಹೆಮ್ಮಾಡಿಯ ಗೇರುಗುಡ್ಡೆಯ ಕಡಿದಾದ ಇಳಿಜಾರು. ಕಾಲಡಿಯಲ್ಲಿ ಒಣಗಿದ ಎಲೆ, ಅದರಡಿ ಉರುಳುವ ಕಲ್ಲು. ಸ್ವಲ್ಪ ಮೇಲೆಯೇ ನಿತೇಶ್ ನಿಂತಿದ್ದ.

ಅವನು ಕೈ ಕೊಡಲಿಲ್ಲ. ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ!

"ಆ... ಆ ಗೆಲ್ ಹಿಡ್ಕಣಿ," ಎಂದ.

ಗೇರುಮರದ ಗೆಲ್ಲು ಹಿಡಿದು ಅವಳೇ ಹತ್ತಿದಳು. ಅಂಗೈ ತರಚಿತು. ಪೊದೆಗೆ ಬಿದ್ದಿದ್ದ ಅವಳ ಆಟದ ಡಿಸ್ಕನ್ನು ಹೆಕ್ಕಿ ತಂದವನು ಅದನ್ನೂ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ದೂರ ನಿಂತ.

'ನೆಲದ ಮೇಲಾ? ನನ್ನನ್ನು ಮುಟ್ಟಬಾರದು ಅಂತಲಾ?' ಪೂಜಿತಾ ಡಿಸ್ಕನ್ನು ಹೆಕ್ಕಲಿಲ್ಲ.

ಗುಡ್ಡೆ ನಿತೇಶನ ಮನೆಯವರದು. ಗೇರುಮರಗಳ ನಡುವೆ ಸರಪಳಿ ತೂಗುವ ಬುಟ್ಟಿಗಳನ್ನು ನೆಟ್ಟು ಡಿಸ್ಕ್ ಗಾಲ್ಫ್ ಶುರು ಮಾಡಿದವನೂ ಅವನೇ. ತಟ್ಟೆಯಂಥ ಡಿಸ್ಕನ್ನು ಮರಗಳ ಸಂದಿಯಲ್ಲಿ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಬುಟ್ಟಿಗೆ ಹಾಕಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರೇ ಗೆದ್ದಂತೆ.

ಕೋಟದ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದ ಪೂಜಿತಾ, ಮಕ್ಕಳಿಗೆ ಕಲಿಸಲೆಂದು ಒಂದು ಭಾನುವಾರ ಬಂದಳು. ಆಮೇಲೆ ಯಾವ ಭಾನುವಾರವನ್ನೂ ತಪ್ಪಿಸಲಿಲ್ಲ. ಆಟದ ಹುಚ್ಚು ಅಂತ ಅಮ್ಮನ ಹತ್ತಿರ ಹೇಳುತ್ತಿದ್ದಳು. ನಾವೂ ನಂಬಿದ ಹಾಗೆ ಮಾಡೋಣ!

ಇವತ್ತು ಅವನಿಗೆ ಮನಸ್ಸಿನ ಮಾತು ಹೇಳಿಯೇ ಬಿಡಬೇಕೆಂದು ಹೊರಟು ಬಂದಿದ್ದಳು.

"ನಾನ್ ಮೀನ್ ಮಾರುವವ್ಳ ಮಗ್ಳ್ ಅಂಬುದ್ ಇವತ್ತ್ ನೆನ್ಪಾಯ್ತಾ ನಿಮ್ಗೆ?"

ನಿತೇಶನ ಮುಖ ಬಿಳುಚಿತು. "ಅಯ್ಯೋ, ಹಾಂಗಲ್ಲ ಪೂಜಿತಾ..."

"ಮತ್ ಹ್ಯಾಂಗೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಉಳಿದ ಆಟಗಾರರು ನಗುತ್ತಾ ಮೇಲೆ ಬಂದರು. ಅವನು ಅವರ ಕಡೆ ತಿರುಗಿದ.

"ಇನ್ ನಾ ಈ ಗುಡ್ಡಿಗ್ ಬತ್ತಿಲ್ಲೆ!"

ಬಸ್ಸು ಹತ್ತುವ ಮೊದಲೇ ಅವನ ನಂಬರನ್ನು ಬ್ಲಾಕ್ ಮಾಡಿದಳು. ಮರುದಿನ ಅವಳ ಮನೆಯಲ್ಲಿ ನಾಗಪೂಜೆ. ಕಣ್ಣು ಮುಚ್ಚಿ ಕೈಮುಗಿದರೆ, ಬೆನ್ನ ಹಿಂದೆ ಕಟ್ಟಿಕೊಂಡ ಆ ಕೈಗಳೇ ಕಂಡವು. ಪ್ರಸಾದದ ಹೊತ್ತಿಗೆ ಅವಳು ಅತ್ತದ್ದನ್ನು ಎಲ್ಲರೂ ಭಕ್ತಿ ಅಂದುಕೊಂಡರು.

ವಾರದ ನಡುವೆ, ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಅಮ್ಮ ಜಲಜ ಹೆಮ್ಮಾಡಿಯ ಮೀನು ಮಾರ್ಕೆಟ್‌ನಿಂದ ಬಂದು ಬುಟ್ಟಿ ಇಳಿಸಿದಳು.

"ಆ ಗುಡ್ಡಿ ಮನಿಯವ್ರಿಗ್ ಅಂದೇಳಿ ತೆಗ್ದಿಟ್ಟ್ ಅಂಜಲ್ ಮೀನ್ ಇವತ್ತೂ ಉಳಿತ್ ಕಾಣ್."

"ಎಂತಕೆ?" ಬೇಡವೆಂದರೂ ಪೂಜಿತಾ ಕೇಳಿಬಿಟ್ಟಳು.

"ಅವ್ರಿಗ್ ಸೂತ್ಕ ಅಂಬ್ರ್, ಮಗ್ಳೇ. ಮುಂಬೈಯಗಿದ್ದ್ ಆ ಹುಡ್ಗನ್ ಸೋದರಮಾವ ತೀರಿ ಹೋದ್ರಂಬ್ರ್; ಅಳಿಯಕಟ್ಟಿನವ್ರ್ ಅಲ್ದಾ, ಸೂತ್ಕ ಇವ್ರಿಗೂ ಇತ್ತ್. ಭಾನ್ವಾರ ಬೆಳಿಗ್ಗೆ ಫೋನ್ ಬಂದದ್ದಂಬ್ರ್. ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿವರಿಗೆ ಆ ಮನಿಯಗ್ ಮೀನಿಲ್ಲೆ."

ಭಾನುವಾರ ಬೆಳಿಗ್ಗೆ!

ಪೂಜಿತಾ ತರಚಿದ ತನ್ನ ಅಂಗೈ ನೋಡಿಕೊಂಡಳು. ಸೂತಕದವರು ಯಾರನ್ನೂ ಮುಟ್ಟುವುದಿಲ್ಲ, ಕೊಡುವುದನ್ನು ನೆಲದಲ್ಲಿಟ್ಟು ಸರಿಯುತ್ತಾರೆ. 'ನಾಳೆ ನಮ್ಮನೆಯಲ್ಲಿ ನಾಗಪೂಜೆ' ಎಂದು ಅವತ್ತು ಆಟಕ್ಕೆ ಮೊದಲು ಎಲ್ಲರಿಗೂ ಹೇಳಿದ್ದು ತಾನೇ! ಅವನು ಮುಟ್ಟಿದ್ದರೆ ಪೂಜೆಯೇ ಕೆಡುತ್ತಿತ್ತು. ಎಂಥ ಮಾತು ಆಡಿಬಿಟ್ಟೆ...

ಸಂಜೆ ಗುಡ್ಡೆಗೆ ಓಡಿದಳು. ನಿತೇಶ್ ಒಬ್ಬನೇ ಬುಟ್ಟಿಯ ಸುತ್ತ ಬಿದ್ದ ಎಲೆ ಗುಡಿಸುತ್ತಿದ್ದ. ಅವಳನ್ನು ಕಂಡವನ ಕೈಯಿಂದ ಪೊರಕೆ ಜಾರಿತು.

"ಸೂತ್ಕ ಅಂದ್ ಹೇಳುಕಾತಿರ್ಲಿಲ್ಯಾ?"

"ಹೇಳಿರೆ ಎಲ್ಲ ಸೇರಿ ಮನಿಗ್ ಕಳಿಸ್ತಿದ್ರ್." ಅವನು ತಲೆ ತಗ್ಗಿಸಿದ. "ಸುದ್ದಿ ಬಂದ್ ಕೂಡ್ಲೇ ಮನಿಯಗೇ ಇರ್ಕಿತ್ತ್. ಆರೆ ಭಾನ್ವಾರ ಅಲ್ದಾ... ನಿಮ್ಮನ್ ಕಾಣ್ದೇ ಇಪ್ಪುಕಾಯ್ಲಿಲ್ಲ. ತಪ್ಪ್ ನಂದೇ."

"ನಾ ಜಾರಿ ಬಿದ್ದ್ ಕಾಲ್ ಮುರ್ಕಂಡಿದ್ರೆ?"

"ಎತ್ಕಂತಿದ್ದೆ. ಆಮೇಲ್ ನಾಗನಿಗ್ ತಪ್ಪ್‌ಕಾಣಿಕಿ ಹಾಕ್ತಿದ್ದೆ!"

ಅವಳಿಗೆ ನಗು, ಅಳು ಒಟ್ಟಿಗೇ ಬಂತು.

"ನಿಮ್ಮನ್ ಹಾಂಗೆ ಅಂದ್ಕಂಡದ್ದಕ್ಕೆ... ನಂಗ್ ಭಾರೀ ಬೇಜಾರಿತ್ತ್. ನಿಮ್ಮನ್ ಇಷ್ಟ ಅಂದ್ ಹೇಳುಕೇ ಬಂದದ್ದ್ ನಾನ್ ಅವತ್ತ್."

ನಿತೇಶನ ಕಣ್ಣು ತುಂಬಿತು. "ನಾನ್ ಬುಟ್ಟಿ ನೆಟ್ಟದ್ದ್ ಆಟಕ್ಕೆ, ಪೂಜಿತಾ. ಈಗ ಭಾನ್ವಾರ ಕಾಯುದ್ ನಿಮ್ಗೆ."

ಅವಳು ಹತ್ತಿರ ಬಂದಳು. ಅವನು ಹಿಂದೆ ಸರಿದ. "ಬ್ಯಾಡ... ಸೂತ್ಕ ಇನ್ನೂ ಕಳಿಲಿಲ್ಲ."

"ನಮ್ಮನಿ ಪೂಜಿ ಮುಗೀತಲೆ." ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. "ಈಗ ಮುಟ್ಟಿರೆ ಎಂತ ಆತ್ತ್?"

"ಮನಿಗ್ ಹೋಯಿ ತಲಿಗ್ ನೀರ್ ಹಾಕಿ ಮೀಯ್ಕಾತ್ತ್..."

"ಮೀತೆ. ನಾಳೆ ಮತ್ ಬಂದ್ ಮುಟ್ತೆ, ಮತ್ ಹೋಯಿ ಮೀತೆ. ಎಂತ ಈಗ?"